ಶಿಗ್ಗಾಂವಿ ಕ್ಷೇತ್ರದ ಮತಗಳ ಕಥೆ

ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ಹೆದ್ದಾರಿ ಹಿಡಿದು ಹೊರಟರೆ ಶಿಗ್ಗಾಂವಿಗಿಂತ ಮೊದಲು ತಡಸ ಸಿಗುತ್ತದೆ. ಆ ಊರಿನ ಒಬ್ಬ ಮತದಾರನನ್ನು ಕಲ್ಪಿಸಿಕೊಳ್ಳಿ. ಪಹಣಿಯ ತಕರಾರಿದ್ದರೆ ಆತ ಶಿಗ್ಗಾಂವಿಯ ತಹಶೀಲ್ದಾರರ ಕಚೇರಿಗೆ ಹೋಗಬೇಕು. ಜಿಲ್ಲಾಧಿಕಾರಿಗಳನ್ನು ಕಾಣಬೇಕೆಂದರೆ ಹಾವೇರಿಗೆ ಹೋಗಬೇಕು. ಲೋಕಸಭೆಗೆ ಮತ ಹಾಕುವಾಗ ಮಾತ್ರ ಆತ ಧಾರವಾಡ ಕ್ಷೇತ್ರದವನು! ಇದು ಯಾರೋ ಕಣ್ತಪ್ಪಿನಿಂದ ಮಾಡಿದ್ದಲ್ಲ, ಲೆಕ್ಕ ಹಾಕಿಯೇ ಮಾಡಿದ್ದು. ಅದು ಹೇಗೆಂದು ನೋಡೋಣ.

ನಮ್ಮ ವಿಧಾನಸಭೆಗೆ ಚುನಾಯಿತರಾಗುವ ಸದಸ್ಯರು 224. ಕರ್ನಾಟಕದ ಲೋಕಸಭಾ ಸ್ಥಾನಗಳು 28. ಭಾಗಿಸಿದರೆ ಒಂದು ಲೋಕಸಭಾ ಕ್ಷೇತ್ರಕ್ಕೆ ಸರಿಯಾಗಿ ಎಂಟು ವಿಧಾನಸಭಾ ಕ್ಷೇತ್ರಗಳು ಬರುತ್ತವೆ. ಧಾರವಾಡ ಜಿಲ್ಲೆಯಲ್ಲಿರುವುದು ಏಳು. ಎಂಟನೆಯದನ್ನು ನೆರೆಯ ಜಿಲ್ಲೆಯಿಂದ ತರಲೇಬೇಕು. ಹೀಗೆ ಹಾವೇರಿ ಜಿಲ್ಲೆಯ ಆರು ಕ್ಷೇತ್ರಗಳಲ್ಲಿ ಶಿಗ್ಗಾಂವಿ ಧಾರವಾಡದ ಪಾಲಿಗೆ ಹೋಯಿತು. ಉಳಿದ ಐದಕ್ಕೆ ಗದಗ ಜಿಲ್ಲೆಯ ಶಿರಹಟ್ಟಿ, ಗದಗ, ರೋಣ ಸೇರಿ ಹಾವೇರಿ ಲೋಕಸಭಾ ಕ್ಷೇತ್ರವಾಯಿತು. 2001ರ ಜನಗಣತಿಯನ್ನು ಆಧರಿಸಿ ನಡೆದ ಈ ಪುನರ್ವಿಂಗಡಣೆ 2008ರಲ್ಲಿ ಜಾರಿಗೆ ಬಂತು. ಅದಕ್ಕೂ ಮೊದಲು ಈ ಭಾಗವೆಲ್ಲ ಧಾರವಾಡ ದಕ್ಷಿಣ ಎಂಬ ಲೋಕಸಭಾ ಕ್ಷೇತ್ರಕ್ಕೆ ಸೇರಿತ್ತು. 1997ರಲ್ಲಿ ಹಾವೇರಿ ಜಿಲ್ಲೆಯಾದಾಗ ಆಡಳಿತದ ಗಡಿ ಬದಲಾಯಿತೇ ಹೊರತು ಮತಕ್ಷೇತ್ರದ ಗಡಿ ಬದಲಾಗಲಿಲ್ಲ. ಇವೆರಡನ್ನೂ ಒಂದೇ ಎಂದು ತಿಳಿಯುವವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲೂ ಇದ್ದಾರೆ.

ವಿಧಾನಸಭೆಯ ಪಟ್ಟಿಯಲ್ಲಿ ಶಿಗ್ಗಾಂವಿಯ ಕ್ರಮಾಂಕ 83. ಶಿಗ್ಗಾಂವಿ ತಾಲ್ಲೂಕಿನ ಜೊತೆಗೆ ಸವಣೂರು ತಾಲ್ಲೂಕಿನ ಒಂದು ಭಾಗವೂ ಇದರಲ್ಲಿದೆ. ಬಾಡದಲ್ಲಿ ಕನಕದಾಸರು, ಶಿಶುನಾಳದಲ್ಲಿ ಷರೀಫರು ಹುಟ್ಟಿದ ನೆಲವಿದು. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ದೇಶದ ಮೊದಲ ಸಾರ್ವತ್ರಿಕ ಚುನಾವಣೆ ನಡೆದಾಗ ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲಿದ್ದುದರಿಂದ ಇಲ್ಲಿಯ ಜನ ಆಯ್ಕೆ ಮಾಡಿದ್ದು ಮುಂಬೈ ವಿಧಾನಸಭೆಯ ಸದಸ್ಯರನ್ನು. ಕನ್ನಡ ನಾಡು ಒಂದಾದ ಮೇಲೆ, ಅಂದರೆ 1957ರಲ್ಲಿ, ಇವರು ಮೊದಲ ಬಾರಿಗೆ ಬೆಂಗಳೂರಿಗೆ ಶಾಸಕರನ್ನು ಕಳಿಸಿದರು.

ಈ ಕ್ಷೇತ್ರದ ಇತಿಹಾಸದಲ್ಲಿ ನನಗೆ ಬಹಳ ಕುತೂಹಲ ಹುಟ್ಟಿಸುವ ವರ್ಷ 1967. ವಿಚಿತ್ರವೆಂದರೆ ಆ ವರ್ಷ ಇಲ್ಲಿ ವಿಧಾನಸಭೆಗೆ ಮತದಾನವೇ ನಡೆಯಲಿಲ್ಲ. ಆಗ ಮುಖ್ಯಮಂತ್ರಿಯಾಗಿದ್ದವರು ಎಸ್. ನಿಜಲಿಂಗಪ್ಪನವರು. 1962ರಲ್ಲಿ ಅವರು ತಮ್ಮದೇ ಚಿತ್ರದುರ್ಗ ಸೀಮೆಯ ಹೊಸದುರ್ಗದಲ್ಲಿ ಸೋತಿದ್ದರು. ಎಸ್.ಆರ್. ಕಂಠಿಯವರು ಕೆಲವೇ ತಿಂಗಳು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆರಿಸಿ ಬಂದ ಮೇಲೆ ಅವರಿಗೆ ಸ್ಥಾನ ಬಿಟ್ಟುಕೊಟ್ಟರು. ಅಂಥ ಸೋಲುಂಡ ನಾಯಕರು ಐದು ವರ್ಷಗಳ ನಂತರ ಶಿಗ್ಗಾಂವಿಗೆ ಬಂದಾಗ ಅವರ ಎದುರು ಕಣದಲ್ಲಿ ಒಬ್ಬರೂ ಉಳಿಯಲಿಲ್ಲ. ಅವರು ಅವಿರೋಧವಾಗಿ ಆಯ್ಕೆಯಾದರು.

ಅವಿರೋಧ ಆಯ್ಕೆ ಎಂದರೇನು? 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 53ನೆಯ ಕಲಮು ಇದನ್ನು ಹೇಳುತ್ತದೆ. ನಾಮಪತ್ರಗಳ ಪರಿಶೀಲನೆ ಮುಗಿದು, ಹಿಂತೆಗೆದುಕೊಳ್ಳುವ ಗಡುವೂ ದಾಟಿದ ಮೇಲೆ ಒಬ್ಬರೇ ಉಳಿದಿದ್ದರೆ ಚುನಾವಣಾಧಿಕಾರಿಗಳು ಅವರನ್ನೇ ಆಯ್ಕೆಯಾದವರೆಂದು ಘೋಷಿಸಬೇಕು. ಆ ಕಾಲದಲ್ಲಿ ಲೋಕಸಭೆಗೂ ವಿಧಾನಸಭೆಗೂ ಒಟ್ಟಿಗೇ ಚುನಾವಣೆ ನಡೆಯುತ್ತಿತ್ತು. ಆದ್ದರಿಂದ 1967ರಲ್ಲಿ ಇಲ್ಲಿಯ ಮತದಾರನ ಕೈಗೆ ಬಂದದ್ದು ಎರಡಲ್ಲ, ಒಂದೇ ಮತಪತ್ರ. ಆ ವರ್ಷವಷ್ಟೇ 21 ತುಂಬಿ (ಆಗ ಮತದಾನದ ವಯಸ್ಸು ಅದೇ ಆಗಿತ್ತು) ಮೊದಲ ಸಲ ಮತಗಟ್ಟೆಗೆ ಹೋದ ತಡಸದ ಹುಡುಗನಿಗೆ ತನ್ನ ಶಾಸಕರ ವಿಷಯದಲ್ಲಿ ಹೌದು ಎನ್ನುವ ಅವಕಾಶವೂ ಇರಲಿಲ್ಲ, ಅಲ್ಲ ಎನ್ನುವ ಅವಕಾಶವೂ ಇರಲಿಲ್ಲ. ಮುಖ್ಯಮಂತ್ರಿಯನ್ನೇ ಕಳಿಸಿಕೊಟ್ಟ ಊರು ಎಂಬ ಹೆಮ್ಮೆ ಇದ್ದಿರಬಹುದು. ಆದರೂ ಎಣಿಸದೇ ಬಂದ ಗೆಲುವು ಎಣಿಸಿ ಬಂದ ಗೆಲುವಿಗೆ ಸಮವಲ್ಲ ಎಂಬುದು ನನ್ನ ಅಭಿಪ್ರಾಯ. ಇದು ಹಳೆಯ ಕಾಲದ ಮಾತೆಂದು ಬಿಟ್ಟುಬಿಡಬೇಡಿ. 2024ರಲ್ಲಿ ಗುಜರಾತಿನ ಸೂರತ್ ಲೋಕಸಭಾ ಕ್ಷೇತ್ರದಲ್ಲಿ ಹೀಗೆಯೇ ಆಯಿತು. 2013ರಿಂದ ಮತಯಂತ್ರದಲ್ಲಿ 'ಮೇಲಿನ ಯಾರೂ ಅಲ್ಲ' ಎಂಬ ಗುಂಡಿ ಇದ್ದರೂ, ಒಬ್ಬರೇ ಅಭ್ಯರ್ಥಿಯಾದರೆ ಯಂತ್ರವನ್ನೇ ಇಡುವುದಿಲ್ಲ. ಹಾಗಾಗಿ ಆ ಗುಂಡಿಯೂ ಇಲ್ಲ. ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿದೆ.

ನಂತರದ ವರ್ಷಗಳನ್ನು ಬೇಗ ದಾಟೋಣ. 1972ರಲ್ಲಿ ಕಾಂಗ್ರೆಸ್ಸಿನ ನದಾಫ್ ಅವರು ಗೆದ್ದರು. ಮುಂದೆ ಇಲ್ಲಿ ಶಾಸಕರಾದ ಮಂಜುನಾಥ ಕುನ್ನೂರರು 2004ರಲ್ಲಿ ಭಾರತೀಯ ಜನತಾ ಪಕ್ಷದಿಂದ ಧಾರವಾಡ ದಕ್ಷಿಣದ ಲೋಕಸಭಾ ಸದಸ್ಯರೂ ಆದರು. 1999ರ ಫಲಿತಾಂಶದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಆ ವರ್ಷ ರಾಜ್ಯದಲ್ಲಿ ಕಾಂಗ್ರೆಸ್ ಗಾಳಿ ಬೀಸಿ 132 ಸ್ಥಾನಗಳು ಅದಕ್ಕೆ ಬಂದವು, ಜನತಾದಳ (ಜಾತ್ಯತೀತ) ಪಕ್ಷಕ್ಕೆ ಸಿಕ್ಕಿದ್ದು ಹತ್ತೇ ಹತ್ತು. ಆ ಹತ್ತರಲ್ಲಿ ಶಿಗ್ಗಾಂವಿಯೂ ಒಂದು, ಗೆದ್ದವರು ಸೈಯದ್ ಅಜ್ಜಂಪೀರ್ ಖಾದ್ರಿ. 2004ರಲ್ಲಿ ಪಕ್ಷೇತರರಾಗಿ ನಿಂತ ಸಿಂಧೂರ ರಾಜಶೇಖರ ಅವರು ಆರಿಸಿ ಬಂದರು. 2013 ಮತ್ತು 2023ರಲ್ಲಿ ರಾಜ್ಯ ಕಾಂಗ್ರೆಸ್ಸಿಗೆ ಬಹುಮತ ಕೊಟ್ಟಾಗ ಈ ಕ್ಷೇತ್ರ ಭಾರತೀಯ ಜನತಾ ಪಕ್ಷದ ಕೈ ಹಿಡಿಯಿತು. ಗಾಳಿ ಬಂದ ಕಡೆ ತೂರಿಕೊಳ್ಳುವ ಸ್ವಭಾವ ಇಲ್ಲಿಯದಲ್ಲ.

2008ರಿಂದ ಕಥೆ ಒಬ್ಬರ ಸುತ್ತ ನಡೆಯುತ್ತದೆ. 1988-89ರಲ್ಲಿ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿ ಆ ವರ್ಷ ಭಾರತೀಯ ಜನತಾ ಪಕ್ಷ ಸೇರಿ ಇಲ್ಲಿ ನಿಂತರು, ಸತತ ನಾಲ್ಕು ಬಾರಿ ಗೆದ್ದರು. ಅವರು ಜಲಸಂಪನ್ಮೂಲ ಸಚಿವರಾಗಿದ್ದ ಕಾಲದ ಶಿಗ್ಗಾಂವಿ ಏತ ನೀರಾವರಿ, ಕಾಲುವೆಯ ಬದಲು ಕೊಳವೆಯಲ್ಲಿ ಹೊಲಕ್ಕೆ ನೀರು ತಂದ ಯೋಜನೆಯೆಂದು ಹೆಸರಾಯಿತು. 2021ರ ಜುಲೈಯಲ್ಲಿ ಅವರು ಮುಖ್ಯಮಂತ್ರಿಯಾದರು.

ಈಗ ಒಂದು ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. ಬೊಮ್ಮಾಯಿಯವರ ಗೆಲುವಿನ ಅಂತರ 2008ರಲ್ಲಿ 12,862, 2013ರಲ್ಲಿ 9,503, 2018ರಲ್ಲಿ 9,265. ಮೂರು ಸಲವೂ ಎದುರಿಗಿದ್ದವರು ಅದೇ ಖಾದ್ರಿ, ಆಗ ಕಾಂಗ್ರೆಸ್ ಅಭ್ಯರ್ಥಿ. 2018ರಲ್ಲಿ ಗೆದ್ದವರಿಗೆ 83,868 ಮತ, ಸೋತವರಿಗೆ 74,603. ಇದನ್ನು ತಿರುಗಿಸಲು 9,265 ಜನ ಮನಸ್ಸು ಬದಲಿಸಬೇಕಿತ್ತು ಎಂದು ನೀವು ಹೇಳಿದರೆ ತಪ್ಪು. ಒಬ್ಬ ಮತದಾರ ಈ ಕಡೆಯಿಂದ ಆ ಕಡೆಗೆ ಹೋದರೆ ಒಂದು ಕಡೆ ಒಂದು ಕಡಿಮೆಯಾಗಿ ಇನ್ನೊಂದು ಕಡೆ ಒಂದು ಹೆಚ್ಚುತ್ತದೆ, ಅಂತರ ಎರಡು ಕುಗ್ಗುತ್ತದೆ. ಆದ್ದರಿಂದ 4,633 ಜನ ಸಾಕಿತ್ತು. ನಾಲ್ಕಾರು ದೊಡ್ಡ ಹಳ್ಳಿಗಳ ಮತ ಅಷ್ಟೆ.

2023ರಲ್ಲಿ ಅಂತರ ಹಿಗ್ಗಿತು. ಬೊಮ್ಮಾಯಿಯವರಿಗೆ 1,00,016 ಮತ, ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣರಿಗೆ 64,038. ಮರುವರ್ಷ ಬೊಮ್ಮಾಯಿಯವರು ಲೋಕಸಭೆಗೆ ನಿಂತು ಗೆದ್ದರು. ಒಬ್ಬರೇ ಎರಡೂ ಕಡೆ ಸದಸ್ಯರಾಗಿರುವಂತಿಲ್ಲ. 14 ದಿನಗಳೊಳಗೆ ಶಾಸಕ ಸ್ಥಾನ ಬಿಡದಿದ್ದರೆ ಸಂಸತ್ತಿನ ಸ್ಥಾನ ಹೋಗುತ್ತದೆ. ತೆರವಾದ ಸ್ಥಾನಕ್ಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉಪಚುನಾವಣೆ ಆಗಬೇಕು. ಇಲ್ಲೊಂದು ತಮಾಷೆಯಿದೆ, ನೋಡಿ. ಅವರು ಗೆದ್ದದ್ದು ಹಾವೇರಿ ಲೋಕಸಭಾ ಕ್ಷೇತ್ರ, ಶಿಗ್ಗಾಂವಿ ಇರುವುದು ಧಾರವಾಡದಲ್ಲಿ. ಹದಿನಾರು ವರ್ಷ ಶಾಸಕರನ್ನಾಗಿ ಮಾಡಿದ ಮತದಾರರಿಗೆ ಅವರನ್ನು ಸಂಸದರನ್ನಾಗಿ ಆರಿಸುವ ಹಕ್ಕೇ ಇರಲಿಲ್ಲ.

2024ರ ನವೆಂಬರ್ 13ರಂದು ಮತದಾನ ನಡೆಯಿತು. ಬೊಮ್ಮಾಯಿಯವರ ಮಗ ಭರತ್ ಒಂದು ಕಡೆ, ಪಠಾಣರು ಇನ್ನೊಂದು ಕಡೆ. ಟಿಕೆಟ್ ಸಿಗದೆ ಪಕ್ಷೇತರರಾಗಿ ನಾಮಪತ್ರ ಹಾಕಿದ್ದ ಖಾದ್ರಿಯವರು ಅದನ್ನು ಹಿಂತೆಗೆದುಕೊಂಡರು. ನವೆಂಬರ್ 23ರಂದು ಎಣಿಕೆಯಾದಾಗ ಪಠಾಣರಿಗೆ 1,00,756, ಭರತ್ ಅವರಿಗೆ 87,308. ಅಂತರ 13,448. ಒಂದೂವರೆ ವರ್ಷದಲ್ಲಿ ಒಂದು ಕಡೆ 12,708 ಮತ ಇಳಿಯಿತು, ಇನ್ನೊಂದು ಕಡೆ 36,718 ಏರಿತು. ಈ ಎರಡು ಅಂಕಿಗಳು ಸಮವಾಗಿಲ್ಲ ಎಂಬುದನ್ನು ಗಮನಿಸಿ. ಭಾರತೀಯ ಜನತಾ ಪಕ್ಷವನ್ನು ಬಿಟ್ಟು ಬಂದವರಷ್ಟೇ ಕಾಂಗ್ರೆಸ್ಸನ್ನು ಗೆಲ್ಲಿಸಲಿಲ್ಲ. ಹಿಂದಿನ ಸಲ ಬೇರೆಯವರಿಗೆ ಹಾಕಿದವರು, ಮನೆಯಲ್ಲೇ ಉಳಿದವರು, ಹೊಸದಾಗಿ ಪಟ್ಟಿಗೆ ಸೇರಿದವರು ಎಲ್ಲರೂ ಈ ಏರಿಕೆಯಲ್ಲಿರಬೇಕು. ಜಾತಿ, ಮತಗಳ ಲೆಕ್ಕ ಹೇಳಿ ಎಲ್ಲವನ್ನೂ ವಿವರಿಸುವ ಪಂಡಿತರಿಗೆ ಇಲ್ಲಿ ಕಷ್ಟವಿದೆ. ಊರಿನ ಜನಸಮುದಾಯಗಳು ಹದಿನೆಂಟು ತಿಂಗಳಲ್ಲಿ ಬದಲಾಗುವುದಿಲ್ಲ, ಫಲಿತಾಂಶ ಬದಲಾಯಿತು.

ನಿಮ್ಮ ಊರಿನ ಮತಗಟ್ಟೆಯಲ್ಲಿ ಏನಾಯಿತೆಂದು ತಿಳಿಯುವ ಆಸೆಯಿದ್ದರೆ ಅದಕ್ಕೂ ದಾರಿಯಿದೆ. ಪ್ರತಿ ಚುನಾವಣೆಯ ನಂತರ 'ನಮೂನೆ 20' ಎಂಬ ಪಟ್ಟಿ ಸಿದ್ಧವಾಗುತ್ತದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎಂಬುದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ಜಾಲತಾಣದಲ್ಲಿ ಇದನ್ನು ನೋಡಬಹುದು. ಎರಡು ಚುನಾವಣೆಗಳ ಪಟ್ಟಿಯನ್ನು ಪಕ್ಕಪಕ್ಕದಲ್ಲಿಟ್ಟು ನಿಮ್ಮ ಮತಗಟ್ಟೆಯ ಸಾಲನ್ನು ಹುಡುಕಿ, ಆದರೆ ಮತಗಟ್ಟೆಗಳ ಸಂಖ್ಯೆ ನಡುವೆ ಬದಲಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ಇನ್ನು ನಿಮಗೆ 17 ತುಂಬಿದ್ದರೆ 'ನಮೂನೆ 6' ಅನ್ನು ಮುಂಗಡವಾಗಿಯೇ ಸಲ್ಲಿಸಬಹುದು. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಈಗ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ 1ನೆಯ ತಾರೀಖೂ ಸೇರಿ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ.