ಜಾತ್ರೆಗೆ ಹೋಗದವರ ಸಿಹಿ

ಫೆಬ್ರುವರಿ ಹೊತ್ತಿಗೆ ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆ ಬಂತೆಂದರೆ ಅಜ್ಜಂಪುರ ಸೀಮೆಯ ದಾರಿಗಳಲ್ಲಿ ಎತ್ತಿನ ಗಾಡಿಗಳ ಗೆಜ್ಜೆ ಸದ್ದು ಶುರುವಾಗುತ್ತದೆ. ಕಾರು, ಬೈಕು, ಟ್ರ್ಯಾಕ್ಟರುಗಳ ಕಾಲದಲ್ಲೂ ಈ ಜಾತ್ರೆಯ ಹೆಸರು ಎತ್ತಿನ ಗಾಡಿಗೇ ಅಂಟಿಕೊಂಡಿದೆ. ಅಮೃತಮಹಲ್ ತಳಿಯ ಸಂವರ್ಧನಾ ಕೇಂದ್ರವನ್ನೇ ಮಡಿಲಲ್ಲಿಟ್ಟುಕೊಂಡ ಅಜ್ಜಂಪುರದ ಪಕ್ಕದಲ್ಲಿ ಅದು ಸಹಜವೇ. ಗುಡಿಯ ಸುತ್ತ ಬಳೆ ಅಂಗಡಿ, ಆಟಿಕೆ ಅಂಗಡಿ, ತಿರುಗುವ ತೊಟ್ಟಿಲು. ಅವುಗಳ ನಡುವೆ ಬಿಳಿ, ಗುಲಾಬಿ, ಹಳದಿ ಗುಡ್ಡೆಗಳನ್ನು ಪೇರಿಸಿಟ್ಟ ಮಿಠಾಯಿ ಅಂಗಡಿಗಳ ಸಾಲು. ಅಲ್ಲಿ ಯಾರೂ ಬರಿಗೈಯಲ್ಲಿ ಮುಂದೆ ಹೋಗುವುದಿಲ್ಲ. ಊರಿಗೆ ಮರಳಿದ ಕೂಡಲೇ ಎದುರಾಗುವ ಮೊದಲ ಪ್ರಶ್ನೆ ಎಲ್ಲರಿಗೂ ಗೊತ್ತು: "ಬೆಂಡು ಬತ್ತಾಸು ಎಲ್ಲಿ?"

ಇಷ್ಟು ಹೆಸರು ಮಾಡಿದ ಸಿಹಿ ಬಾಯಿಗಿಟ್ಟಾಗ ಹೇಗಿರುತ್ತದೆ? ಮೊದಲ ಸಲ ತಿಂದ ಪೇಟೆಯ ಹುಡುಗರು ಹೇಳುವುದು ಒಂದೇ ಮಾತು, "ಬರೀ ಸಕ್ಕರೆ ಅಲ್ವಾ?" ಆ ಮಾತನ್ನು ತಳ್ಳಿಹಾಕುವಂತಿಲ್ಲ. ಜಿಲೇಬಿಯ ಹುಳಿ, ಮೈಸೂರುಪಾಕಿನ ತುಪ್ಪದ ಘಮ, ಒಬ್ಬಟ್ಟಿನ ಏಲಕ್ಕಿ, ಇವು ಯಾವುವೂ ಬತ್ತಾಸಿನಲ್ಲಿಲ್ಲ. ಆದರೂ ಜಾತ್ರೆ ಎಂಬ ಮಾತಿನ ಬೆನ್ನಿಗೇ ಅದರ ಹೆಸರು ಬರುತ್ತದೆ. ಅದಕ್ಕೆ ಕಾರಣ ಹುಡುಕಬೇಕಾದರೆ ಅದನ್ನು ಮಾಡುವ ಬಗೆಯಿಂದ ಶುರು ಮಾಡಬೇಕು.

ಹೆಸರಿನಲ್ಲೇ ಅರ್ಧ ಗುಟ್ಟಿದೆ. ಕನ್ನಡದಲ್ಲಿ ಬೆಂಡು ಎಂದರೆ ತೂಕವಿಲ್ಲದ, ಒಳಗೆ ಗಟ್ಟಿ ತಿರುಳಿಲ್ಲದ ವಸ್ತು. ನೀರಿನ ಮೇಲೆ ತೇಲುವಂಥದ್ದು. ದಣಿದು ಹಗುರಾದ ಮನುಷ್ಯನನ್ನೂ ಬೆಂಡಾದ ಎನ್ನುತ್ತೇವೆ. ಬತ್ತಾಸು ಉತ್ತರದ ಬತಾಸಾದ ನೆಂಟ. ಬಂಗಾಳಿಯಲ್ಲಿ ಬಾತಾಸ್ ಎಂದರೆ ಗಾಳಿ. ಎರಡು ಹೆಸರುಗಳೂ ಹಗುರತನದ ಕಡೆಗೇ ಬೆರಳು ತೋರಿಸುತ್ತವೆ. ಬೆಂಡಿನ ಆಕಾರ ಊರಿಂದೂರಿಗೆ ಬೇರೆಯಾದೀತು. ಬತ್ತಾಸು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ, ಕೆಳಗೆ ಚಪ್ಪಟೆ, ಮೇಲೆ ಗುಮ್ಮಟ.

ಬತ್ತಾಸು ಮಾಡುವವರ ಸಾಮಾನಿನ ಪಟ್ಟಿ ಬಹಳ ಚಿಕ್ಕದು: ಸಕ್ಕರೆ, ನೀರು, ಚಿಟಿಕೆ ಅಡುಗೆ ಸೋಡಾ. ಪಾಕ ಕುದಿಯುವಾಗ ಒಂದಿಷ್ಟು ಹಾಲು ಬಿಟ್ಟರೆ ಸಕ್ಕರೆಯ ಕೊಳೆ ನೊರೆಯಾಗಿ ಮೇಲೇಳುತ್ತದೆ, ಅದನ್ನು ಸೌಟಿನಲ್ಲಿ ತೆಗೆದು ಚೆಲ್ಲುತ್ತಾರೆ. ಪಾಕ ಹದಕ್ಕೆ ಬಂದಾಗ ಸೋಡಾ ಬೀಳುತ್ತದೆ. ಬಿಸಿಗೆ ಸೋಡಾ ಒಡೆದು ಇಂಗಾಲದ ಡೈಆಕ್ಸೈಡ್ ಅನಿಲ ಹೊರಬರುತ್ತದೆ, ಮಂದವಾದ ಪಾಕ ಆ ಗುಳ್ಳೆಗಳನ್ನು ಹಿಡಿದಿಟ್ಟುಕೊಂಡು ಉಬ್ಬುತ್ತದೆ. ಆಗಲೇ ಅದನ್ನು ಕಲಕಿ, ಹಾಸಿದ ಬಟ್ಟೆಯ ಅಥವಾ ಚಾಪೆಯ ಮೇಲೆ ತೊಟ್ಟು ತೊಟ್ಟಾಗಿ ಬಿಡಬೇಕು. ಸ್ವಲ್ಪ ತಡವಾದರೆ ಪಾಕ ಬಾಣಲೆಯಲ್ಲೇ ಕಲ್ಲಾಗುತ್ತದೆ, ಅವಸರ ಮಾಡಿದರೆ ತೊಟ್ಟು ನಿಲ್ಲದೆ ಹರಡಿಕೊಳ್ಳುತ್ತದೆ. ಹದ ನೋಡುವುದು ಬಾಣಲೆಯ ಮುಂದೆ ನಿಂತವರ ಕಣ್ಣು ಮತ್ತು ಕೈ. ಮೂರೇ ಸಾಮಾನಿನಿಂದ ಇಷ್ಟು ಹಗುರವಾದದ್ದನ್ನು ತೆಗೆಯುವುದು ದೊಡ್ಡ ಕಸುಬು. ಬರೀ ಸಕ್ಕರೆ ಎಂದು ಮೂಗು ಮುರಿಯುವವರು ಒಮ್ಮೆ ಮನೆಯಲ್ಲಿ ಪ್ರಯತ್ನಿಸಿದರೆ ಆ ಕೈಯ ಬೆಲೆ ತಿಳಿದೀತು.

ಕಲಕುವಾಗ ಇನ್ನೊಂದು ಕೆಲಸ ನಡೆಯುತ್ತದೆ. ಪಾಕದಲ್ಲಿ ಕರಗಿದ್ದ ಸಕ್ಕರೆ ಸಣ್ಣ ಸಣ್ಣ ಹರಳುಗಳಾಗಿ ಮತ್ತೆ ಕೂಡಿಕೊಳ್ಳುತ್ತದೆ. ಪಾರದರ್ಶಕ ಪಾಕ ಹಾಲಿನಂತೆ ಬೆಳ್ಳಗಾಗುವುದು ಈ ಹರಳುಗಳಿಂದ, ಗುಳ್ಳೆಗಳಿಂದ. ಅವು ಬೆಳಕನ್ನು ಚದುರಿಸುತ್ತವೆ. ಬತ್ತಾಸಿನ ಬಿಳುಪಿಗೆ ಬಣ್ಣ ಹಾಕಬೇಕಾಗಿಲ್ಲ.

ಇನ್ನು ರುಚಿ. ಒಂದು ಒಳ್ಳೆಯ ಬತ್ತಾಸನ್ನು ಬಾಯಿಗಿಟ್ಟರೆ ಮೊದಲು ಹಲ್ಲಿಗೆ ಸಣ್ಣ ಪುಡಿಯ ಸದ್ದು, ಮರುಕ್ಷಣ ನಾಲಿಗೆಯ ಮೇಲೆ ತಂಪಾದ ಸಿಹಿ, ಆಮೇಲೆ ಏನೂ ಇಲ್ಲ. ಪರಿಮಳವಿಲ್ಲ, ಅಂಟಿಲ್ಲ. ಮೂರನೆಯದಕ್ಕೇ ಬಾಯಿ ಕಟ್ಟುತ್ತದೆ. ಸಿಹಿತಿಂಡಿಯೆಂದು ತಟ್ಟೆಯಲ್ಲಿಟ್ಟು ಬೆಲೆ ಕಟ್ಟಿದರೆ ಅದೇ ಅಂಗಡಿಯ ಬಿಸಿ ಜಿಲೇಬಿ ಸುಲಭವಾಗಿ ಗೆಲ್ಲುತ್ತದೆ. ಇದನ್ನು ಒಪ್ಪಿಕೊಳ್ಳುವುದೇ ಸರಿ.

ಆದರೆ ಬತ್ತಾಸನ್ನು ಒಂಟಿಯಾಗಿ ತಿನ್ನುವುದು ಈ ಸೀಮೆಯ ರೂಢಿಯೇ ಅಲ್ಲ. ಅದರ ಜೊತೆಗಾರ ಮಂಡಕ್ಕಿ. ಪಕ್ಕದ ದಾವಣಗೆರೆ ಮಂಡಕ್ಕಿ ಭಟ್ಟಿಗಳಿಗೇ ಹೆಸರಾದ ಊರು. ಮಂಡಕ್ಕಿ, ಹುರಿಗಡಲೆ, ಖಾರಾಸೇವು, ಅದರೊಳಗೆ ಅಲ್ಲಲ್ಲಿ ಬತ್ತಾಸು. ಉಪ್ಪು, ಖಾರದ ನಡುವೆ ಹಲ್ಲಿಗೆ ತಟ್ಟನೆ ಒಂದು ಸಿಹಿ ಸಿಕ್ಕಾಗ ಆಗುವ ಖುಷಿಯೇ ಬೇರೆ. ಮಂಡಕ್ಕಿಯೂ ಗಾಳಿ ತುಂಬಿ ಉಬ್ಬಿದ್ದು, ಬತ್ತಾಸೂ ಹಾಗೆಯೇ. ಎರಡೂ ಹಲ್ಲಿಗೆ ಒಂದೇ ಹದ, ನಾಲಿಗೆಗೆ ಮಾತ್ರ ಬೇರೆ. ಇದೇ ಹಿಡಿಯಲ್ಲಿ ಗಟ್ಟಿ ಕಲ್ಲುಸಕ್ಕರೆ ಹಾಕಿದರೆ ಹಲ್ಲಿಗೆ ಪೆಟ್ಟು, ಜಿಲೇಬಿ ಹಾಕಿದರೆ ಮಂಡಕ್ಕಿ ಮೆತ್ತಗೆ.

ಮೆತ್ತಗಾಗುವುದೇ ಬತ್ತಾಸಿಗೂ ಇರುವ ದೊಡ್ಡ ಶತ್ರು. ಸಕ್ಕರೆ ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಬತ್ತಾಸು ಪುಡಿಯಾಗುವುದಿಲ್ಲ, ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಹೀಗಾಗಿ ಅದರ ರುಚಿಯನ್ನು ಅರ್ಧ ತೀರ್ಮಾನಿಸುವುದು ಹವಾಮಾನ. ಕೊಯ್ಲು ಮುಗಿದು ನೆಲ ಒಣಗಿದ ಮೇಲೆ ಬರುವ ಅಂತರಘಟ್ಟೆಯಂಥ ಜಾತ್ರೆಗಳಲ್ಲಿ ಬತ್ತಾಸು ಗರಿಗರಿಯಾಗಿರುತ್ತದೆ. ಬೀರೂರಿನಲ್ಲಿ ಮೈಲಾರಲಿಂಗಸ್ವಾಮಿಯ ಕಾರ್ಣಿಕ ನುಡಿಯುವುದು ದಸರೆಯಲ್ಲಿ. ಆಗ ಹಿಂಗಾರು ಮಳೆಯ ಮೋಡ ಕವಿದಿದ್ದರೆ ಅದೇ ಬತ್ತಾಸು ಸಂಜೆಯೊಳಗೆ ಜಿಗುಟಾಗುವುದುಂಟು. ಜಾಗವೂ ಲೆಕ್ಕಕ್ಕೆ ಬರುತ್ತದೆ. ಕಡೂರು ಮಳೆಯ ನೆರಳಿನ ಬಯಲು. ತರೀಕೆರೆಯಿಂದ ಲಿಂಗದಹಳ್ಳಿ, ಕಲ್ಲತ್ತಿಗಿರಿ, ಕೆಮ್ಮಣ್ಣುಗುಂಡಿ ಕಡೆಗೆ ಹೊರಳಿದರೆ ಮಲೆನಾಡಿನ ಥಂಡಿ. ಒಂದೇ ಅಂಗಡಿಯಲ್ಲಿ ಕಟ್ಟಿಸಿದ ಎರಡು ಪೊಟ್ಟಣಗಳಲ್ಲಿ ಬಯಲಿಗೆ ಹೋದದ್ದು ಹೆಚ್ಚು ದಿನ ಗರಿಗರಿಯಾಗಿ ಉಳಿಯುತ್ತದೆ.

ಜಾತ್ರೆಯಲ್ಲಿ ಈಗ ಬತ್ತಾಸಿಗೆ ಎದುರಾಗಿ ನಿಂತಿರುವುದು ಬೊಂಬಾಯಿ ಮಿಠಾಯಿ, ಹೊಸ ಹೆಸರಿನಲ್ಲಿ ಕಾಟನ್ ಕ್ಯಾಂಡಿ. ಮಕ್ಕಳ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಅದರ ಯಂತ್ರವನ್ನು 1897ರಲ್ಲಿ ಅಮೆರಿಕದ ವಿಲಿಯಂ ಮಾರಿಸನ್ ಮತ್ತು ಜಾನ್ ವಾರ್ಟನ್ ರೂಪಿಸಿದರು. ಮಾರಿಸನ್ ದಂತವೈದ್ಯರಾಗಿದ್ದರು, ವಾರ್ಟನ್ ಮಿಠಾಯಿ ಮಾಡುವವರು. 1904ರ ಸೇಂಟ್ ಲೂಯಿಸ್ ವಿಶ್ವ ಮೇಳದಲ್ಲಿ ಅವರು ಅದನ್ನು ಡಬ್ಬಿಗೆ 25 ಸೆಂಟ್‌ನಂತೆ ಮಾರಿದರು. ಮೇಳದ ಪ್ರವೇಶ ದರದ ಅರ್ಧದಷ್ಟು ಬೆಲೆ. ಆದರೂ 68 ಸಾವಿರಕ್ಕೂ ಹೆಚ್ಚು ಡಬ್ಬಿಗಳು ಖರ್ಚಾದವು. ಅದೂ ಜಾತ್ರೆಯಲ್ಲೇ ಹೆಸರು ಮಾಡಿದ ಸಿಹಿ, ಅದರಲ್ಲೂ ಸಕ್ಕರೆ ಮತ್ತು ಗಾಳಿಯೇ.

ಆದರೆ ಎರಡರ ಒಳಗಿನ ರಚನೆ ಬೇರೆ. ಕರಗಿದ ಸಕ್ಕರೆ ತಿರುಗುವ ಯಂತ್ರದ ಸಣ್ಣ ತೂತುಗಳಿಂದ ಹೊರಗೆ ಚಿಮ್ಮಿ ತಕ್ಷಣ ತಣ್ಣಗಾಗುತ್ತದೆ, ಹರಳಾಗಲು ಅದಕ್ಕೆ ಸಮಯವೇ ಸಿಗುವುದಿಲ್ಲ. ಅದು ಗಾಜಿನಂಥ ಸಕ್ಕರೆ. ಅಂಥ ಸಕ್ಕರೆ ತೇವವನ್ನು ಬಹಳ ಬೇಗ ಹೀರುತ್ತದೆ. ಬಿಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕುಗ್ಗಿ ಅಂಟಿನ ಮುದ್ದೆಯಾಗುತ್ತದೆ. ಹರಳುಗಟ್ಟಿದ ಬತ್ತಾಸು ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಬೊಂಬಾಯಿ ಮಿಠಾಯಿಯನ್ನು ಜಾತ್ರೆಗೆ ಬಂದ ಮಗು ಅಲ್ಲೇ ತಿಂದು ಮುಗಿಸಬೇಕು. ಬತ್ತಾಸು ಗಾಡಿಯಲ್ಲಿ, ಬಸ್ಸಿನಲ್ಲಿ, ಬೀರೂರು ಜಂಕ್ಷನ್ನಿನಿಂದ ಹೊರಟ ರೈಲಿನಲ್ಲಿ ಕುಳಿತು ದೂರದ ಊರಿನ ಮನೆಗೂ ತಲುಪುತ್ತದೆ.

ಅದರ ಹೆಸರನ್ನು ಇಷ್ಟು ಕಾಲ ಕಾಪಾಡಿದ್ದು ಈ ಪ್ರಯಾಣವೇ. ಬತ್ತಾಸನ್ನು ಕೊಳ್ಳುವವರು ಜಾತ್ರೆಗೆ ಹೋದವರು, ತಿನ್ನುವವರು ಹೋಗದವರು. ಹೊಲ ಬಿಟ್ಟು ಬರಲಾಗದವರು, ದನ ಕಾಯಲು ಉಳಿದವರು, ಬಾಣಂತಿಯರು, ಮೊಣಕಾಲು ನೋವಿನ ಹಿರಿಯರು, ಎದುರು ಮನೆಯವರು. ಇಷ್ಟು ಜನಕ್ಕೆ ಜಿಲೇಬಿ ಹಂಚುವುದು ಎಷ್ಟೋ ಮನೆಗಳ ಕೈಗೆ ನಿಲುಕುವ ಮಾತಲ್ಲ. ಬತ್ತಾಸು ತೂಕಕ್ಕೆ ಕಡಿಮೆ, ಎಣಿಕೆಗೆ ಹೆಚ್ಚು. ಕಾಲು ಕೆ.ಜಿ. ಕಟ್ಟಿಸಿದರೂ ಚೀಲ ತುಂಬುತ್ತದೆ, ಮಂಡಕ್ಕಿ ಬೆರೆಸಿದರೆ ಬೀದಿಗೇ ಸಾಲುತ್ತದೆ. ದೇವರಿಗೆ ತೋರಿಸಿ ತಂದರೆ ಪ್ರಸಾದ, ಹಾಗೆಯೇ ತಂದರೂ ಜಾತ್ರೆಯ ಪಾಲು.

ಹೆಸರು ಕೆಡಿಸುವ ಸಂಗತಿಗಳೂ ಇವೆ. ಮೊದಲನೆಯದು ಬಣ್ಣ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕಾಟನ್ ಕ್ಯಾಂಡಿ ಮತ್ತು ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅಂದು ಕೊಟ್ಟ ಲೆಕ್ಕದಂತೆ ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಅಂಥ ಬಣ್ಣಗಳಲ್ಲೊಂದು ಬಟ್ಟೆಗೆ ಹಾಕುವ ರೊಡಮೈನ್-ಬಿ. ನಿಯಮ ಮೀರಿದವರಿಗೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ ಎಂದೂ ಅಂದೇ ಸಾರಲಾಯಿತು. ಆ ಆದೇಶದಲ್ಲಿ ಬತ್ತಾಸಿನ ಹೆಸರಿಲ್ಲ. ಆದರೂ ಕಣ್ಣು ಕುಕ್ಕುವ ಗುಲಾಬಿ ಬೆಂಡಿನ ಗುಡ್ಡೆಯ ಮುಂದೆ ನಿಂತಾಗ ಅದನ್ನು ನೆನೆಸಿಕೊಳ್ಳುವುದು ಒಳ್ಳೆಯದು. ಬಣ್ಣದಿಂದ ರುಚಿಗೆ ಏನೂ ಸೇರುವುದಿಲ್ಲ. ಬಿಳಿಯದನ್ನೇ ಕೊಳ್ಳುವುದು ವಾಸಿ.

ಇನ್ನೊಂದು, ಒಂದು ಜಾತ್ರೆಯಲ್ಲಿ ಉಳಿದದ್ದು ಮುಂದಿನ ಜಾತ್ರೆಯಲ್ಲಿ ಮಾರಾಟಕ್ಕೆ ಬರುವುದು. ಹಳೆಯ ಸರಕನ್ನು ಗುರುತಿಸುವುದು ಕಷ್ಟವಲ್ಲ. ಬೆರಳಲ್ಲಿ ಒತ್ತಿದರೆ ಹೊಸದು ಪುಡಿಯಾಗುತ್ತದೆ, ಹಳೆಯದು ತಗ್ಗಿ ನಿಲ್ಲುತ್ತದೆ. ಒಂದಕ್ಕೊಂದು ಅಂಟಿಕೊಂಡಿದ್ದರೆ, ಮೇಲ್ಮೈ ಒದ್ದೆ ಒದ್ದೆಯಾಗಿ ಹೊಳೆಯುತ್ತಿದ್ದರೆ ಮುಂದಿನ ಅಂಗಡಿಗೆ ನಡೆಯಬಹುದು. ಕೆಟ್ಟ ಬತ್ತಾಸು ತಿಂದವರೇ "ಬರೀ ಸಕ್ಕರೆ" ಎನ್ನುವವರಲ್ಲಿ ಹೆಚ್ಚು. ಸಕ್ಕರೆ ಕಾಯಿಲೆ ಇರುವವರಿಗೆ ಮಾತ್ರ ಹೊಸದೂ ಹಳೆಯದೂ ಒಂದೇ, ಎರಡರಿಂದಲೂ ದೂರ ಇರಬೇಕು.

ಸಂಜೆ ಗಾಡಿ ಮನೆ ಮುಂದೆ ನಿಂತು, ಎತ್ತುಗಳ ನೊಗ ಇಳಿಸಿ, ನೀರು ಕುಡಿಸಿದ ಮೇಲೆ ಚೀಲದ ಗಂಟು ಬಿಚ್ಚುತ್ತಾರೆ. ಮೊದಲ ಹಿಡಿ ದೇವರ ಮುಂದೆ, ಎರಡನೆಯದು ಜಗಲಿಯ ಮೇಲೆ ಕಾದು ಕುಳಿತ ಅಜ್ಜಿಯ ಸೆರಗಿಗೆ. ಅಜ್ಜಿ ಮಂಡಕ್ಕಿಯನ್ನು ಮೊಮ್ಮಕ್ಕಳಿಗೆ ಬಿಟ್ಟು ಒಂದು ಬತ್ತಾಸನ್ನು ಆರಿಸಿ ಬಾಯಿಗಿಡುತ್ತಾಳೆ. ಹಲ್ಲಿನ ಹಂಗಿಲ್ಲದೆ ಅದು ಕರಗಿ ಮುಗಿಯುವಷ್ಟರಲ್ಲಿ ಅವಳ ಪ್ರಶ್ನೆ ಸಿದ್ಧವಾಗಿರುತ್ತದೆ: "ಈ ಸಲ ಎಷ್ಟು ಗಾಡಿ ಬಂದಿದ್ವು?"