ಡಿಎಲ್ ಕಳೆದುಹೋಯ್ತಾ? ಮಣಿಪಾಲದ ಬಸ್ ಹತ್ತುವ ಮೊದಲು ಆಧಾರ್ ತೆಗೆದು ನೋಡಿ

ಕುಂದಾಪುರ: ಬಸ್ಸಿನ ರಶ್ಶಲ್ಲಿ ಪರ್ಸ್ ಹೋಯ್ತು, ಹಬ್ಬದ ಗೌಜಿಯಲ್ಲಿ ಜೇಬಿನಿಂದ ಕಾರ್ಡ್ ಬಿತ್ತು. ದುಡ್ಡು ಹೋದದ್ದಕ್ಕಿಂತ ಡಿಎಲ್ ಹೋದದ್ದೇ ದೊಡ್ಡ ತಲೆಬಿಸಿ. ರಿಕ್ಷಾ, ಟೆಂಪೋ ಓಡಿಸಿ ಜೀವನ ಮಾಡುವವರಿಗಂತೂ ಮರುದಿನ ಗಾಡಿ ತೆಗೆಯುವುದು ಹೇಗೆ ಎಂಬ ಚಿಂತೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಮೂರೂ ತಾಲೂಕು ಕೆಎ-20ಕ್ಕೆ ಸೇರಿದವು, ಆರ್‌ಟಿಒ ಇರುವುದು ಮಣಿಪಾಲದಲ್ಲಿ. ಬೈಂದೂರಿನವರಿಗೆ ಹೋಗುವುದಕ್ಕೇ ಸುಮಾರು 70 ಕಿ.ಮೀ. ದಾಖಲೆ ಸರಿ ಇಲ್ಲದೆ ಹೋದರೆ ಒಂದು ದಿನದ ದುಡಿಮೆ ಕೈಬಿಟ್ಟು ಖಾಲಿ ಕೈಯಲ್ಲಿ ಬರಬೇಕಾದೀತು.

ಹೋದದ್ದು ಕಾರ್ಡ್, ಲೈಸನ್ಸ್ ಅಲ್ಲ

ನಿಮ್ಮ ಡಿಎಲ್ ವಿವರ ಕೇಂದ್ರ ಸರ್ಕಾರದ 'ಸಾರಥಿ' ದಾಖಲೆಯಲ್ಲಿ ಇರುತ್ತದೆ. ಹೊಸ ಕಾರ್ಡ್ ಬೇಕೆಂದರೆ ಮತ್ತೆ ಟೆಸ್ಟ್ ಕೊಡಬೇಕಾಗಿಲ್ಲ. ಆ ದಾಖಲೆಯಲ್ಲಿರುವ ವ್ಯಕ್ತಿ ನೀವೇ ಎಂದು ತೋರಿಸಬೇಕು, ಅಷ್ಟೆ. ಹೆಚ್ಚಿನವರ ಅರ್ಜಿ ಸಿಕ್ಕಿಬೀಳುವುದೂ ಅಲ್ಲೇ.

ಮೊದಲು ಬೇಕಾದದ್ದು ಡಿಎಲ್ ನಂಬರ್ ಮತ್ತು ಜನ್ಮದಿನಾಂಕ. ನಂಬರ್ ಕೆಎ20ರಿಂದ ಶುರುವಾಗಿ, ನಂತರ ವರ್ಷ, ಆಮೇಲೆ ಏಳು ಅಂಕಿ ಇರುತ್ತದೆ. ಬೆಂಗಳೂರಿನ ಹೋಟೆಲ್, ಬೇಕರಿಯಲ್ಲಿ ಇದ್ದಾಗ ಅಲ್ಲೇ ಡಿಎಲ್ ಮಾಡಿಸಿದವರದ್ದು ಆ ಕಚೇರಿಯ ನಂಬರಿನಿಂದ ಶುರುವಾಗುತ್ತದೆ. ನಂಬರ್ ನೆನಪಿಲ್ಲವಾದರೆ ಹಳೆಯ ಜೆರಾಕ್ಸ್, ಮೊಬೈಲಿನ ಫೋಟೋ ಹುಡುಕಿ.

ಆಧಾರ್ ಇದ್ದರೆ ಮನೆಯಿಂದಲೇ

2021ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ 18 ಸೇವೆಗಳನ್ನು ಆಧಾರ್ ದೃಢೀಕರಣದ ಮೂಲಕ ಆನ್‌ಲೈನ್ ಮಾಡಿತು. ಡುಪ್ಲಿಕೇಟ್ ಡಿಎಲ್ ಅದರಲ್ಲಿ ಒಂದು. 2022ರ ಸೆಪ್ಟೆಂಬರ್‌ನಲ್ಲಿ ಈ ಪಟ್ಟಿ 58 ಸೇವೆಗಳಿಗೆ ಏರಿತು. ಆಧಾರ್ ಕೊಡುವುದು ಐಚ್ಛಿಕ. ಆಧಾರ್ ಇಲ್ಲದವರು ಬೇರೆ ಗುರುತಿನ ದಾಖಲೆ ಹಿಡಿದು ನೇರವಾಗಿ ಕಚೇರಿಗೆ ಹೋಗಿ ಸೇವೆ ಪಡೆಯಬಹುದು.

ಆನ್‌ಲೈನ್‌ನಲ್ಲಿ ಮಾಡುವುದಾದರೆ ಹೋಗುವ ಮೊದಲೇ ಮೂರು ವಿಷಯ ನೋಡಿಕೊಳ್ಳಿ.

ಒಂದು, ಮೊಬೈಲ್ ನಂಬರ್. ಒಟಿಪಿ ಬರುವುದು ಆಧಾರ್‌ಗೆ ಜೋಡಿಸಿದ ನಂಬರಿಗೆ. ಆ ಸಿಮ್ ಬಿಟ್ಟು ವರ್ಷ ಆಗಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಹೊಸ ನಂಬರ್ ಜೋಡಿಸಲು ಆಧಾರ್ ಕೇಂದ್ರವೇ ಬೇಕೆಂದಿಲ್ಲ, ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮ್ಯಾನ್ ಕೈಯಲ್ಲೂ ಮಾಡಿಸಬಹುದು.

ಎರಡು, ಹೆಸರು ಮತ್ತು ಜನ್ಮದಿನಾಂಕ. ನಮ್ಮ ಕಡೆ ಇದೇ ದೊಡ್ಡ ರಗಳೆ. ಡಿಎಲ್‌ನಲ್ಲಿ ಬರೀ ಇನಿಶಿಯಲ್, ಆಧಾರ್‌ನಲ್ಲಿ ಪೂಜಾರಿ, ಶೆಟ್ಟಿ, ಖಾರ್ವಿ ಎಂದು ಪೂರ್ತಿ ಹೆಸರು. ಶಾಲೆ ದಾಖಲೆಯಲ್ಲಿ ಇನ್ನೊಂದೇ ರೀತಿ. ಕಂಪ್ಯೂಟರಿಗೆ ಇಬ್ಬರೂ ಒಬ್ಬರೇ ಎಂದು ಗೊತ್ತಾಗುವುದಿಲ್ಲ. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ, ಜನ್ಮದಿನಾಂಕಕ್ಕೆ ಒಂದೇ. ಹಾಗಾಗಿ ತಪ್ಪು ಯಾವುದರಲ್ಲಿ ಇದೆ ಎಂದು ಸರಿಯಾಗಿ ನೋಡಿ ಅದನ್ನೇ ತಿದ್ದಿಸಿ. ಡಿಎಲ್‌ನಲ್ಲೇ ತಪ್ಪಿದ್ದರೆ ಆಧಾರ್ ಮುಟ್ಟಲು ಹೋಗಬೇಡಿ.

ಮೂರು, ವಿಳಾಸ. ಕಾರ್ಡ್ ಬರುವುದು ಪೋಸ್ಟಿನಲ್ಲಿ. ಬಿಟ್ಟುಬಂದ ಬೆಂಗಳೂರಿನ ರೂಮಿನ ವಿಳಾಸವೇ ಉಳಿದಿದ್ದರೆ ವಿಳಾಸ ಬದಲಾವಣೆಗೂ ಒಟ್ಟಿಗೇ ಅರ್ಜಿ ಹಾಕಿ.

ಪೊಲೀಸ್ ಸ್ವೀಕೃತಿ ಮಾಡಿಸಿಕೊಳ್ಳಿ

ಕಾರ್ಡ್ ಕಳೆದದ್ದಕ್ಕೆ ಹತ್ತಿರದ ಠಾಣೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ರಾಜ್ಯ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲಿ ಆನ್‌ಲೈನ್‌ನಲ್ಲೂ ಮಾಡಬಹುದು. ಅರ್ಜಿಗೆ ಬೇಕಾಗುತ್ತದೆ. ಕಳೆದ ಕಾರ್ಡ್ ಬೇರೆ ಯಾರ ಕೈಗಾದರೂ ಸಿಕ್ಕಿ ದುರುಪಯೋಗವಾದರೆ ನಿಮ್ಮ ಹತ್ತಿರ ಒಂದು ಆಧಾರವೂ ಇರುತ್ತದೆ. ಕಾರ್ಡ್ ಹರಿದು ಹಾಳಾಗಿದ್ದರೆ ದೂರು ಬೇಡ, ಹಳೆಯ ಕಾರ್ಡ್ ಇಟ್ಟುಕೊಳ್ಳಿ.

ಇವರಿಗೆ ಡುಪ್ಲಿಕೇಟ್ ಅರ್ಜಿಯೊಂದೇ ಸಾಲದು

ಕೈಬರಹದ ಪುಸ್ತಕದ ಕಾಲದ ಲೈಸನ್ಸ್ ಇದ್ದು, ಅದು ಸಾರಥಿಯಲ್ಲಿ ಕಾಣದಿದ್ದರೆ ಮೊದಲು ಆರ್‌ಟಿಒದಲ್ಲಿ ಹಳೆಯ ದಾಖಲೆಯನ್ನು ಕಂಪ್ಯೂಟರಿಗೆ ಸೇರಿಸಬೇಕು. ಡಿಎಲ್ ಅವಧಿ ಮುಗಿದಿದ್ದರೆ ಡುಪ್ಲಿಕೇಟ್ ಸಾಲದು, ನವೀಕರಣ ಮಾಡಿಸಬೇಕು. ಮುಗಿದು ಒಂದು ವರ್ಷ ದಾಟಿದ್ದರೆ 2019ರ ತಿದ್ದುಪಡಿ ಪ್ರಕಾರ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು.

ಅಲ್ಲಿಯವರೆಗೆ ಗಾಡಿ ಓಡಿಸುವುದು ಹೇಗೆ?

ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿರುವ ಡಿಎಲ್ ತೋರಿಸಿದರೆ ಕಾನೂನು ಪ್ರಕಾರ ಸಾಕು. 2018ರಲ್ಲೇ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿಯಾಗಿ ಎಲೆಕ್ಟ್ರಾನಿಕ್ ದಾಖಲೆಗೆ ಮಾನ್ಯತೆ ಬಂದಿದೆ. ಮೊಬೈಲಲ್ಲಿ ತೆಗೆದ ಫೋಟೋ, ಜೆರಾಕ್ಸ್‌ಗೆ ಈ ಮಾನ್ಯತೆ ಇಲ್ಲ.

ವಾಟ್ಸಾಪಿನಲ್ಲಿ ಬರುವ 'ಆರ್‌ಟಿಒ' ಹೆಸರಿನ ಎಪಿಕೆ ಫೈಲ್ ಒತ್ತಲು ಹೋಗಬೇಡಿ. ಒಟಿಪಿಯನ್ನು ಫೋನಲ್ಲಿ ಯಾರಿಗೂ ಹೇಳಬೇಡಿ.

ಡಿಎಲ್ ಇನ್ನೂ ಜೇಬಲ್ಲೇ ಇರುವವರು ಇವತ್ತೇ ಅದನ್ನು ಆಧಾರ್ ಪಕ್ಕ ಇಟ್ಟು ಹೆಸರು, ಜನ್ಮದಿನಾಂಕ ಹೋಲಿಸಿ ನೋಡಿ, ನಂಬರನ್ನು ಮನೆಯಲ್ಲಿ ಒಂದು ಕಡೆ ಬರೆದಿಡಿ. ಕಾರ್ಡ್ ಹೋದ ಮೇಲೆ ತಿದ್ದುಪಡಿಗೆ ಓಡುವುದಕ್ಕಿಂತ ಇದೇ ಸುಲಭ.