ಅಣಬೆಯ ಸತ್ವವನ್ನು ಶಬ್ದದಿಂದ ತೆಗೆಯುವ ಬಗೆ

ಮಳೆಗಾಲದಲ್ಲಿ ಹುತ್ತದ ಬಳಿ ಎದ್ದ ಅಣಬೆಯನ್ನು ತಂದು ಸಾರು ಮಾಡಿ ಉಂಡ ನೆನಪು ಮಲೆನಾಡಿನಿಂದ ಬಂದ ನಮ್ಮಲ್ಲಿ ಅನೇಕರಿಗೆ ಉಂಟು. ಈಗ ಪಟ್ಟಣಗಳ ಅಂಗಡಿಗಳಲ್ಲಿ ಅಣಬೆಯ ಸತ್ವವೆಂದು ಪುಡಿ, ಗುಳಿಗೆಗಳು ಮಾರಾಟಕ್ಕೆ ಬಂದಿವೆ. ಇಂಥ ಸತ್ವವನ್ನು ಅಲ್ಟ್ರಾಸೌಂಡ್, ಅಂದರೆ ಶ್ರವಣಾತೀತ ಧ್ವನಿಯ ವಿಧಾನದಿಂದ ತೆಗೆದದ್ದೆಂದು ಹೇಳಿ ಮಾರುವವರೂ ಇದ್ದಾರೆ. ಹಣ ತೆರುವ ಮುನ್ನ ಈ ಮಾತಿನ ಅರ್ಥವನ್ನು ತಿಳಿದಿರುವುದು ಒಳ್ಳೆಯದು.

ಹಸಿ ಅಣಬೆಯ ತೂಕದಲ್ಲಿ ನೂರಕ್ಕೆ ಸುಮಾರು 90 ಪಾಲು ನೀರೇ. ಉಳಿದ ಭಾಗದಲ್ಲಿ ಪಾಲಿಸ್ಯಾಕರೈಡುಗಳು ಮುಖ್ಯವಾದವು. ಸಕ್ಕರೆಯ ಅಣುಗಳು ಸರಪಳಿಯ ಕೊಂಡಿಗಳಂತೆ ಒಂದಕ್ಕೊಂದು ಸೇರಿ ಆದ ಪದಾರ್ಥಗಳಿವು. ಅಕ್ಕಿಯ ಪಿಷ್ಟವೂ ಹತ್ತಿಯ ನಾರೂ ಇದೇ ಕುಲಕ್ಕೆ ಸೇರಿದವು. ಅಣಬೆಯಲ್ಲಿ ವಿಜ್ಞಾನಿಗಳು ಹುಡುಕುವುದು ಬೀಟಾ ಗ್ಲೂಕನ್ ಎಂಬ ಬಗೆಯನ್ನು. ಅದು ಜೀವಕೋಶದ ಗೋಡೆಯಲ್ಲಿ ಕೈಟಿನ್ ಎಂಬ ಗಟ್ಟಿ ಪದಾರ್ಥದೊಡನೆ ಹೆಣೆದುಕೊಂಡಿರುತ್ತದೆ. ಏಡಿ, ಸೀಗಡಿಗಳ ಚಿಪ್ಪಿನಲ್ಲಿರುವುದೂ ಈ ಕೈಟಿನ್ನೇ. ಆದುದರಿಂದ ಅದನ್ನು ಬಿಡಿಸಿ ತೆಗೆಯುವುದು ಸುಲಭವಲ್ಲ.

ಹಳೆಯ ಕ್ರಮದಲ್ಲಿ ಒಣಗಿದ ಅಣಬೆಯ ಪುಡಿಯನ್ನು ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಕೆಲವು ಗಂಟೆಗಳ ಕಾಲ ಇಡುತ್ತಾರೆ. ಇದಕ್ಕೆ ಹೊತ್ತೂ ಹೆಚ್ಚು, ಇಂಧನವೂ ಹೆಚ್ಚು.

ಹೊಸ ಕ್ರಮದಲ್ಲಿ ಶಬ್ದವು ಈ ಕೆಲಸಕ್ಕೆ ನೆರವಾಗುತ್ತದೆ. ಸೆಕೆಂಡಿಗೆ 20,000ಕ್ಕಿಂತ ಹೆಚ್ಚು ಕಂಪನಗಳ ಧ್ವನಿ ನಮ್ಮ ಕಿವಿಗೆ ಕೇಳಿಸದು. ಅಂಥ ಧ್ವನಿ ನೀರಿನಲ್ಲಿ ಹಾಯ್ದಾಗ ನೀರು ಒಮ್ಮೆ ಒತ್ತಲ್ಪಟ್ಟು ಮರುಕ್ಷಣ ಸಡಿಲಾಗುತ್ತದೆ. ಸಡಿಲಾದಾಗ ಅತಿ ಸಣ್ಣ ಗುಳ್ಳೆಗಳು ಹುಟ್ಟಿ ಬೆಳೆಯುತ್ತವೆ, ಒತ್ತಿದಾಗ ತಟ್ಟನೆ ಕುಸಿಯುತ್ತವೆ. ಈ ಕುಸಿತದ ಲೆಕ್ಕವನ್ನು ರೇಲೀ ಎಂಬ ಇಂಗ್ಲಿಷ್ ವಿಜ್ಞಾನಿ 1917ರಲ್ಲಿಯೇ ಬರೆದಿಟ್ಟಿದ್ದನು. ಗುಳ್ಳೆ ಕುಸಿದೆಡೆ ನೀರು ಸೂಜಿಯಂತೆ ಚಿಮ್ಮಿ ಅಣಬೆಯ ಕಣವನ್ನು ತಿವಿಯುತ್ತದೆ. ಗೋಡೆ ಬಿರಿಯುತ್ತದೆ, ಒಳಗಿನದು ನೀರಿಗಿಳಿಯುತ್ತದೆ. ಕನ್ನಡಕದ ಅಂಗಡಿಯಲ್ಲಿ ಸಣ್ಣ ತೊಟ್ಟಿಯ ನೀರಿನೊಳಗೆ ಕನ್ನಡಕವನ್ನಿಟ್ಟು ಕೊಳೆ ಬಿಡಿಸುವುದನ್ನು ನೀವು ಕಂಡಿರಬಹುದು. ಅಲ್ಲಿ ದುಡಿಯುವುದೂ ಇಂಥ ಗುಳ್ಳೆಗಳೇ. ಹೀಗೆ ಗಂಟೆಗಳ ಕೆಲಸ ಕುದಿತಕ್ಕಿಂತ ಕಡಿಮೆ ಶಾಖದಲ್ಲಿ, ಎಷ್ಟೋ ವೇಳೆ ಒಂದು ಗಂಟೆಯೊಳಗೆ, ಮುಗಿಯುತ್ತದೆ.

ಆಮೇಲೆ ನೀರನ್ನು ಸೋಸಿ, ಬತ್ತಿಸಿ, ಅದಕ್ಕೆ ಮೂರು ನಾಲ್ಕು ಪಾಲು ಮದ್ಯಸಾರ ಬೆರೆಸುತ್ತಾರೆ. ಪಾಲಿಸ್ಯಾಕರೈಡ್ ಮದ್ಯಸಾರದಲ್ಲಿ ಕರಗದ ಕಾರಣ ತಳಕ್ಕೆ ಇಳಿಯುತ್ತದೆ.

ಆದರೆ ಶಬ್ದ ಹೆಚ್ಚಾದಷ್ಟೂ ಲಾಭವೆಂದು ತಿಳಿಯಬಾರದು. ಮಿತಿ ಮೀರಿದರೆ ಅದು ಗೋಡೆಯನ್ನಷ್ಟೇ ಅಲ್ಲ, ಸರಪಳಿಯನ್ನೂ ತುಂಡರಿಸುತ್ತದೆ. ಸರಪಳಿಯ ಉದ್ದ ಬದಲಾದರೆ ಅದರ ಗುಣವೂ ಬದಲಾಗಬಹುದು.

ಇನ್ನು ಔಷಧದ ಮಾತು. ಶಿಟಾಕೆ ಎಂಬ ಅಣಬೆಯಿಂದ ತೆಗೆದ ಲೆಂಟಿನಾನ್ ಎಂಬ ಬೀಟಾ ಗ್ಲೂಕನ್ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ತಡೆಯಿತೆಂದು ಜಪಾನಿನ ಗೊರೊ ಚಿಹಾರಾ ಮತ್ತು ಸಂಗಡಿಗರು 1969ರಲ್ಲಿ ಪ್ರಕಟಿಸಿದರು. 1985ರಲ್ಲಿ ಆ ದೇಶ ಅದನ್ನು ಹೊಟ್ಟೆಯ ಕ್ಯಾನ್ಸರಿಗೆ ಬೇರೆ ಔಷಧಗಳ ಜೊತೆ ಕೊಡಲು ಒಪ್ಪಿತು. ಆದರೆ ಅದು ಶುದ್ಧಪಡಿಸಿ ವೈದ್ಯರು ಕೊಡುತ್ತಿದ್ದ ಚುಚ್ಚುಮದ್ದು, ಅಂಗಡಿಯ ಪುಡಿಯಲ್ಲ. ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರಿದರೆ ನಂಬಬೇಡಿರಿ.

ಡಬ್ಬಿಯ ಚೀಟಿಯನ್ನೂ ಎಚ್ಚರದಿಂದ ಓದಿರಿ. ಕೆಲವು ಪುಡಿಗಳನ್ನು ಧಾನ್ಯದ ಮೇಲೆ ಬೆಳೆಸಿದ ಅಣಬೆಯ ಬೇರಿನಂಥ ಎಳೆಗಳಿಂದ, ಧಾನ್ಯವನ್ನೂ ಸೇರಿಸಿ, ಮಾಡುತ್ತಾರೆ. 1956ರಲ್ಲಿ ಪ್ರಕಟವಾಗಿ ಇಂದಿಗೂ ಬಳಕೆಯಲ್ಲಿರುವ ಫೀನಾಲ್ ಮತ್ತು ಗಂಧಕಾಮ್ಲದ ಪರೀಕ್ಷೆ ಪಿಷ್ಟವನ್ನೂ ಗ್ಲೂಕನ್ನನ್ನೂ ಒಟ್ಟಿಗೆ ಲೆಕ್ಕ ಹಾಕುತ್ತದೆ. ಆದುದರಿಂದ ಪಾಲಿಸ್ಯಾಕರೈಡ್ ಇಷ್ಟಿದೆ ಎಂದರೆ ಸಾಲದು. ಬೀಟಾ ಗ್ಲೂಕನ್ ಎಷ್ಟು ಎಂದು ಕೇಳಿರಿ.

ಬೆವರು ಸುರಿಸಿ ಗಳಿಸಿದ ತಿಂಗಳ ಸಂಬಳದಲ್ಲಿ ದುಬಾರಿ ಡಬ್ಬಿಗೆ ಪಾಲು ತೆಗೆಯಬೇಕಾದ ಅಗತ್ಯ ನಮಗಿಲ್ಲ. ನಂಬಿಕೆಯ ಅಂಗಡಿಯಿಂದ ತಂದ ಅಣಬೆಯನ್ನು ಚೆನ್ನಾಗಿ ಬೇಯಿಸಿ ಸಾರು ಮಾಡಿದರೆ ನೀರಿಗಿಳಿದ ಸತ್ವ ಸಾರಿನಲ್ಲಿ, ಇಳಿಯದೆ ಉಳಿದದ್ದು ಹೋಳಿನಲ್ಲಿ ಇರುತ್ತದೆ. ಎರಡನ್ನೂ ನಾವು ಉಣ್ಣುತ್ತೇವೆ. ಕಾಯಿಲೆ ಬಂದರೆ ಮಾತ್ರ ಪುಡಿಯನ್ನು ನಂಬಿ ಕೂಡದೆ ವೈದ್ಯರ ಬಳಿ ಹೋಗಿರಿ.